ತೋಳಕ್ಕೆ ಯಾವ ಬಣ್ಣ? ಪುಟಾಣಿಗಳಿಂದ ಹಿರಿಯರವರೆಗೆ ಬಣ್ಣ ತುಂಬುವವರಿಗೊಂದು ಮಾಹಿತಿ

ದೊಡ್ಡಬೆಳವಂಗಲ: ಬೇಸಿಗೆ ರಜೆ ಆರಂಭವಾಯಿತೆಂದರೆ ಮಕ್ಕಳಿಗೆ ಬಣ್ಣ ತುಂಬುವ ಹಾಳೆಗಳ ಹುಡುಕಾಟ ಶುರುವಾಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಅಂತರ್ಜಾಲದಿಂದ ಇಳಿಸಿಕೊಂಡ ರೇಖಾಚಿತ್ರಗಳು ಕೆಲವೇ ರೂಪಾಯಿಗೆ ದೊರೆಯುತ್ತವೆ. ಆನೆ, ಹುಲಿ, ನವಿಲುಗಳ ಸಾಲಿನಲ್ಲಿ ಈಗ ತೋಳವೂ ಸೇರಿಕೊಂಡಿದೆ. ಆದರೆ ಆ ಹಾಳೆಯ ಮೇಲಿನ ತೋಳವನ್ನೊಮ್ಮೆ ಗಮನಿಸಿ ನೋಡಬೇಕು. ಕುತ್ತಿಗೆಯ ಸುತ್ತ ಸಿಂಹದಂತೆ ದಟ್ಟ ಕೂದಲು, ಕಾಲಡಿಯಲ್ಲಿ ಹಿಮ, ಹಿನ್ನೆಲೆಯಲ್ಲಿ ಪೈನ್ ಮರಗಳು, ಮೇಲೊಂದು ಪೂರ್ಣಚಂದ್ರ. ಮಗು ಬೂದು ಬಣ್ಣದ ಕ್ರೇಯಾನ್ ಹುಡುಕುತ್ತದೆ, ಕಣ್ಣಿಗೆ ನೀಲಿ ಬಳಿಯುತ್ತದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಈ ಹೋಬಳಿಯ ಸುತ್ತಲಿನ ಬಯಲಿಗೆ ಅಂತಹ ತೋಳ ಎಂದೂ ಬಂದಿಲ್ಲ. ಬಯಲುಸೀಮೆಯ ಕುರಿಗಾಹಿಗಳು ಬಲ್ಲ ತೋಳವೇ ಬೇರೆ. ಅದರ ಮೈಬಣ್ಣ ರಾಗಿ ಕೊಯ್ದ ಹೊಲದ ಬಣ್ಣಕ್ಕೆ ಹತ್ತಿರ. ಹುಲಿಗೆ ಪಟ್ಟೆ ಹಾಕಲು ಮರೆಯದ ಮಗು ತನ್ನ ನಾಡಿನ ತೋಳವನ್ನು ಮಾತ್ರ ಸೈಬೀರಿಯಾದ ಪ್ರಾಣಿಯಂತೆ ಚಿತ್ರಿಸುತ್ತಿದ್ದರೆ ಅದು ಮಗುವಿನ ತಪ್ಪಲ್ಲ. ಕೈಗೆ ಕೊಟ್ಟ ಹಾಳೆಯೇ ಹಾಗಿದೆ.

ನಮ್ಮ ತೋಳದ ಮೈಬಣ್ಣ

ಭಾರತದ ಬಯಲು ಪ್ರದೇಶದ ತೋಳವನ್ನು ವಿಜ್ಞಾನಿಗಳು ಕ್ಯಾನಿಸ್ ಲೂಪಸ್ ಪ್ಯಾಲಿಪಿಸ್ ಎಂದು ಕರೆಯುತ್ತಾರೆ. ಭುಜದ ಎತ್ತರ 57ರಿಂದ 72 ಸೆಂಟಿಮೀಟರ್, ತೂಕ ಸುಮಾರು 17ರಿಂದ 25 ಕಿಲೋ. ಯುರೋಪಿನ ತೋಳಕ್ಕಿಂತ ಇದು ಚಿಕ್ಕದು, ಕೃಶವಾದದ್ದು. ಬಿಸಿಲ ನಾಡಿನ ಪ್ರಾಣಿಯಾದ್ದರಿಂದ ಚರ್ಮಕ್ಕಂಟಿದ ಒಳತುಪ್ಪಳ ಬಹಳ ಕಡಿಮೆ, ಪಕ್ಕೆಯ ಕೂದಲು ಗಿಡ್ಡ. ಈ ಕಾರಣದಿಂದಲೇ ಅದರ ಕಾಲುಗಳು ಇನ್ನಷ್ಟು ಉದ್ದವಾಗಿ ಕಾಣುತ್ತವೆ.

ಬಣ್ಣದ ವಿಚಾರಕ್ಕೆ ಬಂದರೆ, ಮೈಯ ಬಹುಭಾಗ ಮರಳುಗಂದು. ಅದರಲ್ಲಿ ಬೂದು ಮತ್ತು ಕೆಂಪಿನ ಛಾಯೆಗಳು ಬೆರೆತಿರುತ್ತವೆ. ಬೆನ್ನಿನ ಉದ್ದಕ್ಕೂ ಕೂದಲಿನ ತುದಿ ಕಪ್ಪು. ಈ ಕಪ್ಪು ಭುಜದ ಬಳಿ ಹರಡಿ ಇಳಿಯುವುದರಿಂದ ಹೆಗಲ ಮೇಲೆ ಯಾರೋ ಕಪ್ಪು ಟವೆಲ್ ಹೊದಿಸಿದಂತೆ ತೋರುತ್ತದೆ. ಹೊಟ್ಟೆ, ಗಂಟಲು ಹಾಗೂ ಕಾಲಿನ ಒಳಭಾಗ ತಿಳಿ ಕೆನೆಬಣ್ಣ. ಬಾಲದ ತುದಿಯಲ್ಲಿ ಮತ್ತೆ ಕಪ್ಪು.

ಕಣ್ಣಿನ ಬಗ್ಗೆ ವಿಶೇಷವಾಗಿ ಹೇಳಬೇಕು. ಬೆಳೆದ ತೋಳದ ಕಣ್ಣು ಜೇನುಹಳದಿ. ಹುಟ್ಟಿದ ಮರಿಯ ಕಣ್ಣು ಮಾತ್ರ ಆರಂಭದ ವಾರಗಳಲ್ಲಿ ನೀಲಿಯಾಗಿದ್ದು ಕ್ರಮೇಣ ಹಳದಿಗೆ ತಿರುಗುತ್ತದೆ. ಆದ್ದರಿಂದ ಮರಿಯ ಚಿತ್ರಕ್ಕೆ ನೀಲಿ ಕಣ್ಣು ಬರೆದ ಮಗುವನ್ನು ತಿದ್ದಬೇಕಾಗಿಲ್ಲ. ಮರಿಗಳು ದೊಡ್ಡವುಗಳಂತೆ ಮರಳುಬಣ್ಣದವಲ್ಲ, ಮಸಿ ಬೆರೆತ ಕಂದುಬಣ್ಣದವು. ಎದೆಯ ಮೇಲೊಂದು ಹಾಲುಬಿಳಿ ಮಚ್ಚೆ ಇರುತ್ತದೆ. ಬೆಳೆಯುತ್ತಾ ಹೋದಂತೆ ಈ ಮಚ್ಚೆ ಮಾಸಿಹೋಗುತ್ತದೆ. ತಾಯಿ ಮತ್ತು ಮರಿಗಳ ಚಿತ್ರವಿರುವ ಹಾಳೆಗೆ ಈ ಒಂದು ವಿವರವೇ ಜೀವ ತುಂಬಬಲ್ಲದು.

ಚಂದ್ರನನ್ನು ನೋಡಿ ತೋಳ ಊಳಿಡುತ್ತದೆ ಎಂಬುದು ಚಿತ್ರಕಾರರ ಮೆಚ್ಚಿನ ಕಲ್ಪನೆ. ಊಳಿಡುವುದು ಗುಂಪಿನ ಸದಸ್ಯರನ್ನು ಕರೆಯಲು ಮತ್ತು ತಮ್ಮ ಸರಹದ್ದನ್ನು ಸಾರಲು, ಚಂದ್ರನಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಊಳಿಡುವ ಭಂಗಿ ಚಿತ್ರಕ್ಕೆ ಸೊಗಸು ತರುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಚಂದ್ರನಿದ್ದರೆ ಇರಲಿ.

ನಾಯಿಯಲ್ಲ, ನರಿಯಲ್ಲ

ಮಕ್ಕಳು ಬಣ್ಣ ತುಂಬಿದ ಮೇಲೆ "ಇದು ನಮ್ಮ ಬೀದಿ ನಾಯಿ" ಎಂದು ಮನೆಯವರು ನಗುವುದುಂಟು. ವ್ಯತ್ಯಾಸ ಬಾಲದಲ್ಲಿದೆ. ತೋಳದ ಬಾಲ ಸಾಮಾನ್ಯವಾಗಿ ಕೆಳಗೆ ಜೋತುಬಿದ್ದಿರುತ್ತದೆ, ನಾಯಿಯಂತೆ ಬೆನ್ನ ಮೇಲೆ ಸುರುಳಿ ಸುತ್ತುವುದಿಲ್ಲ. ಕಿವಿಗಳು ಸದಾ ನೆಟ್ಟಗೆ, ಎದೆ ಕಿರಿದು. ಗುಳ್ಳೆನರಿ ತೋಳದ ಅರ್ಧ ತೂಕವೂ ಇರುವುದಿಲ್ಲ, ಕಾಲು ಗಿಡ್ಡ, ಮೈ ಹೊಂಬಣ್ಣಕ್ಕೆ ಹತ್ತಿರ. ಸೀಳುನಾಯಿಯದು ಇಟ್ಟಿಗೆಯ ಕೆಂಪು, ಪೊದೆಯಂಥ ಕಪ್ಪು ಬಾಲ, ದುಂಡು ಕಿವಿ. ಕತ್ತೆಕಿರುಬಕ್ಕೆ ಮೈಮೇಲೆ ಪಟ್ಟೆಗಳಿದ್ದು ಬೆನ್ನು ಹಿಂದಕ್ಕೆ ಇಳಿಜಾರಾಗಿರುತ್ತದೆ. ಈ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ಬಣ್ಣ ತುಂಬಿಸಿದರೆ ಮಗು ಜೀವನವಿಡೀ ಮರೆಯದು.

ಇದು ಕೇವಲ ಚಿತ್ರದ ಪ್ರಶ್ನೆಯಲ್ಲ. ಬೀದಿ ನಾಯಿಗಳೊಂದಿಗೆ ಸಂಕರಗೊಂಡ ತೋಳಗಳು ಮಹಾರಾಷ್ಟ್ರದ ಪುಣೆ ಸಮೀಪ ಇರುವುದನ್ನು ವಂಶವಾಹಿ ಪರೀಕ್ಷೆಯಿಂದ ಸಂಶೋಧಕರು 2023ರಲ್ಲಿ ಖಚಿತಪಡಿಸಿದರು. ಅಲ್ಲಿ ಸಂಶಯ ಮೊದಲು ಹುಟ್ಟಿದ್ದು ಪ್ರಾಣಿಯ ಅಸಹಜ ಮೈಬಣ್ಣವನ್ನು ಕಂಡು. ಬಣ್ಣವನ್ನು ಸರಿಯಾಗಿ ನೋಡಲು ಬಲ್ಲವರಿಂದಲೇ ಇಂತಹ ವಿಷಯ ಬೆಳಕಿಗೆ ಬರುತ್ತದೆ.

ಪುಟಾಣಿಗಳಿಗೆ

ಮೂರರಿಂದ ಐದು ವರ್ಷದವರಿಗೆ ಒಂದು ಹಾಳೆಯಲ್ಲಿ ಒಂದೇ ತೋಳ ಸಾಕು. ಗೆರೆ ದಪ್ಪವಿರಲಿ. ತಲೆ, ಮೈ, ಬಾಲ ಎಂಬ ಮೂರು ನಾಲ್ಕು ದೊಡ್ಡ ಭಾಗಗಳಿಗಿಂತ ಹೆಚ್ಚು ಬೇಡ. ಕೈಯ ಸಣ್ಣ ಸ್ನಾಯುಗಳು ಇನ್ನೂ ಬಲಿಯದ ವಯಸ್ಸು ಇದಾದ್ದರಿಂದ ದಪ್ಪನೆಯ ಮೇಣದ ಕ್ರೇಯಾನ್ ಉತ್ತಮ. ಸಣ್ಣ ಪೆನ್ಸಿಲ್ ಕೊಟ್ಟರೆ ಮಗು ಒತ್ತಿ ಹಿಡಿದು ಬೇಗ ದಣಿಯುತ್ತದೆ. ಗೆರೆ ದಾಟಿ ಬಣ್ಣ ಹೋದರೆ ಕೈ ಹಿಡಿದು ತಿದ್ದುವ ಅಗತ್ಯವಿಲ್ಲ. ನೇರಳೆ ತೋಳವನ್ನೂ ಒಪ್ಪಿಕೊಳ್ಳಬಹುದು. ಈ ವಯಸ್ಸಿನಲ್ಲಿ ಸರಿಯಾದ ಬಣ್ಣಕ್ಕಿಂತ ಕೈ ಚಲನೆಯೇ ಮುಖ್ಯ.

ಬಣ್ಣವನ್ನು ಬಾಯಿಗಿಡುವ ವಯಸ್ಸೂ ಇದೇ ಆದ್ದರಿಂದ ಪೊಟ್ಟಣದ ಮೇಲೆ ವಿಷರಹಿತ ಎಂಬ ಗುರುತು ಇರುವುದನ್ನು ನೋಡಿ ಕೊಳ್ಳುವುದು ಕ್ಷೇಮ.

ಶಾಲಾ ಮಕ್ಕಳಿಗೆ

ಆರರಿಂದ ಒಂಬತ್ತು ವರ್ಷದವರಿಗೆ ಹಿನ್ನೆಲೆ ಸೇರಿಸಬಹುದು. ಒಂದು ಬೇಲಿ, ಜಾಲಿಮರ, ದೂರದಲ್ಲಿ ಗುಡ್ಡ. ತೋಳ ನಿಂತಿರುವ ನೆಲಕ್ಕೆ ಕೆಮ್ಮಣ್ಣಿನ ಬಣ್ಣ, ಅದರ ಮೇಲೆ ಒಣಹುಲ್ಲಿನ ಹಳದಿ ಗೀರುಗಳು. ಇಷ್ಟು ತುಂಬಿದ ಮೇಲೆ ತೋಳಕ್ಕೆ ಮರಳುಗಂದು ಹಚ್ಚಿದರೆ ಸೋಜಿಗವೊಂದು ನಡೆಯುತ್ತದೆ: ತೋಳ ಹುಲ್ಲಿನಲ್ಲಿ ಅರ್ಧ ಮಾಯವಾಗುತ್ತದೆ. ಪ್ರಾಣಿಗಳು ಬಣ್ಣದಿಂದ ಹೇಗೆ ಮರೆಯಾಗುತ್ತವೆ ಎಂಬ ಪಾಠವನ್ನು ಇದಕ್ಕಿಂತ ಸುಲಭವಾಗಿ ಹೇಳಿಕೊಡುವುದು ಕಷ್ಟ.

ಈ ಹಂತದಲ್ಲಿ ಕಲಿಸಬೇಕಾದ ಮುಖ್ಯ ಸಂಗತಿ ಕೂದಲಿನ ದಿಕ್ಕು. ಮಕ್ಕಳು ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಗೀಚಿ ತುಂಬುತ್ತಾರೆ. ಅದರ ಬದಲು ಮೂಗಿನಿಂದ ಹಣೆಯ ಕಡೆಗೆ, ಕುತ್ತಿಗೆಯಿಂದ ಬಾಲದ ಕಡೆಗೆ, ಮೇಲಿನಿಂದ ಕಾಲಿನ ಕಡೆಗೆ ಸಣ್ಣ ಸಣ್ಣ ಗೀರುಗಳನ್ನೆಳೆದರೆ ಅದೇ ಬಣ್ಣ, ಅದೇ ಹಾಳೆ ಬೇರೆಯಾಗಿಯೇ ಕಾಣುತ್ತದೆ. ನಾಯಿಯ ಮೈ ಸವರಿದ ಮಗುವಿಗೆ ಕೂದಲು ಯಾವ ಕಡೆಗೆ ಮಲಗುತ್ತದೆಂಬುದು ತಿಳಿದೇ ಇರುತ್ತದೆ, ಅದನ್ನು ನೆನಪಿಸಿದರೆ ಸಾಕು.

ಕಂದು ಮತ್ತು ಹಸಿರನ್ನು ಅದಲು ಬದಲು ಮಾಡುವ ಮಕ್ಕಳಿರುತ್ತಾರೆ. ಹಸಿರು ತೋಳ ಬರೆದ ಹುಡುಗನನ್ನು ತರಗತಿ ನಕ್ಕು ಬಿಡುವ ಮುನ್ನ ಶಿಕ್ಷಕರು ಒಂದು ಕ್ಷಣ ಯೋಚಿಸಬೇಕು. ಕೆಂಪು ಹಸಿರುಗಳ ವರ್ಣಾಂಧತೆ ಹುಟ್ಟಿನಿಂದ ಬರುವಂಥದು, ಗಂಡು ಮಕ್ಕಳಲ್ಲಿ ಹೆಚ್ಚು. ಎಷ್ಟೋ ವೇಳೆ ಅದು ಮೊದಲು ಪತ್ತೆಯಾಗುವುದೇ ಇಂತಹ ಬಣ್ಣದ ಹಾಳೆಯಲ್ಲಿ. ಕ್ರೇಯಾನಿನ ಮೇಲೆ ಬಣ್ಣದ ಹೆಸರನ್ನು ಬರೆದು ಅಂಟಿಸುವುದು, ಕಣ್ಣಿನ ವೈದ್ಯರಲ್ಲಿ ಒಮ್ಮೆ ಪರೀಕ್ಷೆ ಮಾಡಿಸುವುದು, ಇವೆರಡು ಮಾಡಬಹುದಾದ ಕೆಲಸಗಳು. ಗದರುವುದರಿಂದ ಏನೂ ಆಗದು.

ಹತ್ತು ವರ್ಷ ದಾಟಿದವರು ಛಾಯೆಗೆ ಕೈ ಹಾಕಬಹುದು. ಬೆಳಕು ಬೀಳುವ ಕಡೆ ತಿಳಿ, ಅದರ ಎದುರು ಬದಿಯಲ್ಲಿ ಗಾಢ. ಆಯಿಲ್ ಪೇಸ್ಟಲ್ ಬಳಸುವವರಿಗೊಂದು ಉಪಾಯವಿದೆ. ಮೊದಲು ಹಳದಿ ಮತ್ತು ಕಂದನ್ನು ದಪ್ಪಗೆ ಬಳಿದು, ಮೇಲೆ ಕಪ್ಪು ಹಚ್ಚಿ, ಮಸಿ ಮುಗಿದ ಬಾಲ್‌ಪೆನ್ ರೀಫಿಲ್ಲಿನ ತುದಿಯಿಂದ ಕೂದಲಿನ ದಿಕ್ಕಿನಲ್ಲಿ ಕೆರೆಯುತ್ತಾ ಹೋದರೆ ಕೆಳಗಿನ ಬಣ್ಣ ಎಳೆ ಎಳೆಯಾಗಿ ಮೇಲೇಳುತ್ತದೆ. ಬೆನ್ನಿನ ಕಪ್ಪು ತುದಿಯ ಕೂದಲಿಗೆ ಹೇಳಿ ಮಾಡಿಸಿದ ವಿಧಾನ. ಪ್ರೌಢಶಾಲೆಯಲ್ಲಿ ಲೋಯರ್ ಮತ್ತು ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗೆ ಕೂರುವವರಿಗೂ, ಪ್ರತಿಭಾ ಕಾರಂಜಿಯ ಚಿತ್ರಕಲಾ ಸ್ಪರ್ಧೆಗೆ ಸಿದ್ಧರಾಗುವವರಿಗೂ ಈ ಅಭ್ಯಾಸ ನೆರವಾಗುತ್ತದೆ. ಅಕ್ಟೋಬರ್ 2ರಿಂದ 8ರವರೆಗೆ ನಡೆಯುವ ವನ್ಯಜೀವಿ ಸಪ್ತಾಹದ ಚಿತ್ರ ಸ್ಪರ್ಧೆಗಳಲ್ಲಿ ಹುಲಿ ಆನೆಗಳೇ ತುಂಬಿರುತ್ತವೆ. ತೋಳ ಬರೆದ ಮಗು ತೀರ್ಪುಗಾರರ ಕಣ್ಣಿಗೆ ಬೀಳದೆ ಇರದು.

ಹನ್ನೆರಡು ಬಣ್ಣದ ಡಬ್ಬಿಯಲ್ಲಿ ತೋಳ

ಬಹುತೇಕ ಮನೆಗಳಲ್ಲಿರುವುದು ಹನ್ನೆರಡು ಬಣ್ಣದ ಡಬ್ಬಿ. ಅದರಲ್ಲಿ ಮರಳುಗಂದು ಎಂಬ ಬಣ್ಣ ಇರುವುದಿಲ್ಲ. ಇದಕ್ಕಾಗಿ ದೊಡ್ಡ ಡಬ್ಬಿ ಕೊಳ್ಳಬೇಕಾಗಿಲ್ಲ. ಮೊದಲು ಇಡೀ ಮೈಗೆ ಹಳದಿಯನ್ನು ಅತಿ ಹಗುರವಾಗಿ ಹಚ್ಚುವುದು. ಅದರ ಮೇಲೆ ಕಂದು, ಅದೂ ಹಗುರವಾಗಿಯೇ. ಕಿವಿಯ ಹಿಂಭಾಗ, ಮೂತಿ, ಮುಂಗಾಲುಗಳಿಗೆ ಸ್ವಲ್ಪ ಕಿತ್ತಳೆ. ಕೊನೆಯಲ್ಲಿ ಬೆನ್ನು, ಹೆಗಲು, ಬಾಲದ ತುದಿಗೆ ಕಪ್ಪಿನ ಬಿಡಿ ಗೀರುಗಳು. ಹೊಟ್ಟೆ ಗಂಟಲುಗಳನ್ನು ಖಾಲಿ ಬಿಟ್ಟರೂ ನಡೆಯುತ್ತದೆ. ತಿಳಿಯಿಂದ ಗಾಢಕ್ಕೆ ಹೋಗಬೇಕೇ ವಿನಾ ಗಾಢದಿಂದ ತಿಳಿಗೆ ಬರಲಾಗದು. ಕಪ್ಪನ್ನು ಮೊದಲು ಹಚ್ಚಿದವರ ಹಾಳೆ ಕೊಳೆಯಾಗುವುದು ಇದೇ ಕಾರಣಕ್ಕೆ.

ಕಣ್ಣಿಗೆ ಹಳದಿ, ಅಂಚಿಗೆ ಕಿತ್ತಳೆ, ನಡುವೆ ಕಪ್ಪು ಪಾಪೆ. ಪಾಪೆಯ ಪಕ್ಕದಲ್ಲಿ ಸಾಸಿವೆಯಷ್ಟು ಜಾಗವನ್ನು ಬಿಳಿಯಾಗಿ ಉಳಿಸಿದರೆ ಕಣ್ಣು ಹೊಳೆಯುತ್ತದೆ.

ಬಣ್ಣದ ಪೆನ್ಸಿಲ್ ಬಳಸುವ ಹಿರಿಯರು ಯೆಲ್ಲೊ ಓಕರ್, ಬರ್ನ್ಟ್ ಸಿಯೆನ್ನ, ರಾ ಅಂಬರ್, ಒಂದು ಬೂದು, ಒಂದು ಕಪ್ಪು ಇಟ್ಟುಕೊಂಡರೆ ಸಾಕು. ಉಳಿದ ನಲವತ್ತು ಬಣ್ಣಗಳು ಡಬ್ಬಿಯಲ್ಲಿಯೇ ಇರಲಿ.

ದೊಡ್ಡವರ ಹಾಳೆ

ಬಣ್ಣ ತುಂಬುವುದು ಮಕ್ಕಳಾಟ ಎಂಬ ಭಾವನೆ ಕಳೆದ ದಶಕದಲ್ಲಿ ಬದಲಾಯಿತು. ಸ್ಕಾಟ್ಲೆಂಡಿನ ಜೊಹಾನ್ನಾ ಬಾಸ್‌ಫರ್ಡ್ ಅವರ 'ಸೀಕ್ರೆಟ್ ಗಾರ್ಡನ್' 2013ರಲ್ಲಿ ಪ್ರಕಟವಾದ ಬಳಿಕ ದೊಡ್ಡವರ ಬಣ್ಣದ ಪುಸ್ತಕಗಳು ಜಗತ್ತಿನಾದ್ಯಂತ ಮಾರಾಟವಾದವು. ಇಂತಹ ಪುಸ್ತಕಗಳಲ್ಲಿ ತೋಳದ ಮುಖವನ್ನು ಎಲೆ, ಬಳ್ಳಿ, ಮಂಡಲಗಳಿಂದ ತುಂಬಿದ ವಿನ್ಯಾಸ ಬಹಳ ಜನಪ್ರಿಯ. ಅದಕ್ಕೂ ಮುನ್ನ, 2005ರಲ್ಲಿ, ಅಮೆರಿಕದ ನ್ಯಾನ್ಸಿ ಕರಿ ಮತ್ತು ಟಿಮ್ ಕ್ಯಾಸರ್ 84 ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಖಾಲಿ ಹಾಳೆಗಿಂತ ಮಂಡಲಕ್ಕೆ ಅಥವಾ ಚೌಕಳಿ ವಿನ್ಯಾಸಕ್ಕೆ ಬಣ್ಣ ತುಂಬಿದವರ ಆತಂಕ ಹೆಚ್ಚು ಇಳಿದದ್ದು ಕಂಡುಬಂದಿತ್ತು. ಕೆಲವು ನಿಮಿಷಗಳ ಈ ಪ್ರಯೋಗವನ್ನೇ ಆಧಾರವಾಗಿಟ್ಟುಕೊಂಡು ಬಣ್ಣದ ಪುಸ್ತಕ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಎಂದು ಜಾಹೀರಾತು ನೀಡುವುದು ಅತಿರೇಕ. ದುಡಿದು ಬಂದ ಸಂಜೆ ಅರ್ಧ ಗಂಟೆ ಮೊಬೈಲ್ ಬದಿಗಿಟ್ಟು ಕೂರಲು ಅದೊಂದು ನೆಪ ಎಂದರೆ ಸರಿಯಾದೀತು.

ವಾಸ್ತವವಾಗಿ ಈ ಭಾಗದ ದೊಡ್ಡವರಿಗೆ ಬಣ್ಣ ತುಂಬುವುದು ಹೊಸದಲ್ಲ. ಸಂಕ್ರಾಂತಿಯ ಹಿಂದಿನ ರಾತ್ರಿ ಚುಕ್ಕಿ ಇಟ್ಟು, ಎಳೆ ಎಳೆದು, ಬಣ್ಣದ ಪುಡಿ ತುಂಬುವ ಹೆಂಗಸರಿಗೆ ಯಾವ ಬಣ್ಣದ ಪಕ್ಕ ಯಾವುದು ಹೊಂದುತ್ತದೆಂಬುದನ್ನು ಪುಸ್ತಕ ಹೇಳಿಕೊಡಬೇಕಿಲ್ಲ. ಮಗ್ಗಗಳ ಊರಾದ ದೊಡ್ಡಬಳ್ಳಾಪುರದಲ್ಲಿಯಂತೂ ಇದು ಕಸುಬೇ ಆಗಿತ್ತು. ಕಂಪ್ಯೂಟರ್ ಬರುವ ಮೊದಲು ಜಕಾರ್ಡ್ ಮಗ್ಗಕ್ಕೆ ಸೀರೆಯ ಅಂಚು, ಸೆರಗಿನ ವಿನ್ಯಾಸವನ್ನು ಗ್ರಾಫ್ ಹಾಳೆಯ ಚೌಕಗಳಿಗೆ ಒಂದೊಂದಾಗಿ ಬಣ್ಣ ತುಂಬಿಯೇ ಸಿದ್ಧಪಡಿಸಬೇಕಿತ್ತು. ಸಂಖ್ಯೆಗೊಂದು ಬಣ್ಣವೆಂದು ಸೂಚಿಸುವ ಇಂದಿನ ಹಾಳೆಗಳನ್ನು ಕಂಡರೆ ಹಳೆಯ ವಿನ್ಯಾಸಕಾರರಿಗೆ ನಗು ಬಂದೀತು. ತೋಳದ ಚಿತ್ರವನ್ನು ಅದೇ ಗ್ರಾಫ್ ವಿಧಾನದಲ್ಲಿ ಚೌಕ ಚೌಕವಾಗಿ ತುಂಬಿ ನೋಡುವುದು ಕುಶಲಿಗಳಿಗೊಂದು ಒಳ್ಳೆಯ ಸವಾಲು.

ದೊಡ್ಡವರಲ್ಲಿಯೂ ಮೊದಲ ಬಾರಿ ಹಿಡಿಯುವವರು ಅತಿ ಸೂಕ್ಷ್ಮ ವಿನ್ಯಾಸವನ್ನು ಆರಿಸಿಕೊಳ್ಳದಿರುವುದೇ ಲೇಸು. ವಯಸ್ಸಾದವರಿಗೆ, ಕೈ ನಡುಗುವವರಿಗೆ ಮಕ್ಕಳ ದಪ್ಪ ಗೆರೆಯ ಹಾಳೆಯೇ ಹಿತ. ಇದರಲ್ಲಿ ಸಂಕೋಚಪಡುವಂಥದ್ದೇನಿಲ್ಲ. ಅಜ್ಜಿ ಮತ್ತು ಮೊಮ್ಮಗು ಒಂದೇ ಹಾಳೆಯ ಎರಡು ಬದಿ ಹಂಚಿಕೊಂಡು ಕೂರುವುದಕ್ಕೂ ಅದು ಅನುಕೂಲ.

ಕಾಗದ

ಜೆರಾಕ್ಸ್ ಕಾಗದ 70 ಅಥವಾ 80 ಜಿಎಸ್‌ಎಂ ತೂಕದ್ದು. ಕ್ರೇಯಾನಿಗೂ ಪೆನ್ಸಿಲಿಗೂ ಅದು ಸಾಕು. ಸ್ಕೆಚ್ ಪೆನ್ ಹಾಕಿದರೆ ಬಣ್ಣ ಹಿಂಬದಿಗೆ ಸೋರುತ್ತದೆ, ಜಲವರ್ಣ ಹಾಕಿದರೆ ಕಾಗದ ಸುರುಟಿಕೊಳ್ಳುತ್ತದೆ. ಪದರ ಪದರವಾಗಿ ಪೆನ್ಸಿಲ್ ಹಚ್ಚುವವರು 150 ಜಿಎಸ್‌ಎಂ ಡ್ರಾಯಿಂಗ್ ಹಾಳೆಯ ಮೇಲೆ, ಜಲವರ್ಣದವರು 200ರಿಂದ 300 ಜಿಎಸ್‌ಎಂ ಹಾಳೆಯ ಮೇಲೆ ಚಿತ್ರವನ್ನು ಪಡಿಮೂಡಿಸಿಕೊಳ್ಳುವುದು ಒಳ್ಳೆಯದು. ದಪ್ಪ ಹಾಳೆ ಎಲ್ಲ ಯಂತ್ರಗಳಲ್ಲಿ ಹೋಗುವುದಿಲ್ಲವಾದ್ದರಿಂದ ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಪೆನ್ಸಿಲಿನಿಂದ ಗೆರೆ ತೆಗೆದುಕೊಳ್ಳುವ ಹಳೆಯ ವಿಧಾನವೇ ಸುಲಭ.

ಸಿದ್ಧ ಚಿತ್ರದ ಬಗ್ಗೆ ಆಕ್ಷೇಪ

ಯಾರೋ ಬರೆದ ಗೆರೆಯೊಳಗೆ ಬಣ್ಣ ತುಂಬಿಸುವುದರಿಂದ ಮಗುವಿನ ಸ್ವಂತ ಕಲ್ಪನೆ ಸೊರಗುತ್ತದೆ ಎಂಬ ವಾದ ಹಳೆಯದು. ಮಕ್ಕಳ ಕಲೆಯ ಬಗ್ಗೆ 1947ರಲ್ಲಿ ಪ್ರಭಾವಿ ಗ್ರಂಥ ಬರೆದ ವಿಕ್ಟರ್ ಲೋವೆನ್‌ಫೆಲ್ಡ್ ಬಣ್ಣದ ಪುಸ್ತಕಗಳನ್ನು ಖಂಡಿಸಿದ್ದರು. ಸಿದ್ಧ ನಾಯಿಯ ಚಿತ್ರಕ್ಕೆ ಒಗ್ಗಿದ ಮಗು ತನ್ನದೇ ನಾಯಿಯನ್ನು ಬರೆಯಲು ಹಿಂಜರಿಯುತ್ತದೆ ಎಂಬುದು ಅವರ ಆತಂಕ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಒಂದು ಹಾಳೆ ತುಂಬಿಸಿದರೆ ಮತ್ತೊಂದು ಖಾಲಿ ಹಾಳೆ ಕೊಟ್ಟು ತೋಳವನ್ನು ಸ್ವತಃ ಬರೆಯಲು ಬಿಡುವುದು ಇದಕ್ಕೆ ತಕ್ಕ ಪರಿಹಾರ. ಕಾಲು ಐದಾದರೂ ಚಿಂತೆಯಿಲ್ಲ.

ಕಥೆಯ ತೋಳ, ಬಯಲಿನ ತೋಳ

ಮಕ್ಕಳಿಗೆ ತೋಳ ಪರಿಚಯವಾಗುವುದು ಕಥೆಗಳಿಂದ. "ತೋಳ ಬಂತು ತೋಳ" ಎಂದು ಕೂಗಿ ಊರನ್ನು ಯಾಮಾರಿಸಿದ ಕುರುಬರ ಹುಡುಗ ಪಠ್ಯದಲ್ಲಿ ಬಂದರೆ, ಕೆಂಪು ಟೋಪಿಯ ಹುಡುಗಿಯ ಕಥೆ ಇಂಗ್ಲಿಷ್ ಶಾಲೆಯಿಂದ ಬರುತ್ತದೆ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆಯೂ ಅದನ್ನು ಹಗೆಯೆಂದೇ ಬಗೆಯುತ್ತದೆ. ಮೌಗ್ಲಿಯನ್ನು ಸಾಕಿದ ತೋಳಗಳು ಮಾತ್ರ ಇದಕ್ಕೆ ಅಪವಾದ. ಕಿಪ್ಲಿಂಗರ ಆ ಕಥೆ ನಡೆಯುವುದು ಮಧ್ಯಪ್ರದೇಶದ ಸಿವನಿ ಪ್ರದೇಶದಲ್ಲಿ, ಅಂದರೆ ಅಕೇಲ ಕೂಡ ಭಾರತೀಯ ತೋಳವೇ.

ಹಾಗೆಂದು ತೋಳವನ್ನು ಸಾಧುಪ್ರಾಣಿಯೆಂದು ಮಕ್ಕಳಿಗೆ ಹೇಳುವಂತಿಲ್ಲ. ಕುರಿಮರಿ ಕಳೆದುಕೊಂಡವರ ನಷ್ಟ ನಿಜವಾದದ್ದು. ಉತ್ತರ ಪ್ರದೇಶದ ಬಹ್ರೈಚ್ ಜಿಲ್ಲೆಯಲ್ಲಿ 2024ರಲ್ಲಿ ತೋಳಗಳ ದಾಳಿಗೆ ಮಕ್ಕಳೇ ಬಲಿಯಾದರು. ಆದರೆ ತೋಳದಿಂದ ಮನುಷ್ಯನಿಗಾಗುವ ಅಪಾಯಕ್ಕಿಂತ ಮನುಷ್ಯನಿಂದ ತೋಳಕ್ಕಾದ ಅಪಾಯ ಬಹಳ ದೊಡ್ಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯೊಂದಿಗೆ ತೋಳವೂ ಇದೆ. ಜಾಗತಿಕ ಸಂರಕ್ಷಣಾ ಸಂಸ್ಥೆ ಐಯುಸಿಎನ್ 2025ರಲ್ಲಿ ಭಾರತೀಯ ತೋಳವನ್ನು ಪ್ರತ್ಯೇಕವಾಗಿ ಪರಿಗಣಿಸಿ ಅಪಾಯಕ್ಕೀಡಾಗಬಲ್ಲ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಭಾರತ ಹಾಗೂ ಪಾಕಿಸ್ತಾನಗಳಲ್ಲಿ ಉಳಿದಿರುವುದು ಸುಮಾರು ಮೂರು ಸಾವಿರ ಎಂಬುದು ಅದರ ಅಂದಾಜು. ತೋಳಗಳ ವಂಶವೃಕ್ಷದಲ್ಲಿ ಇದು ಅತಿ ಪ್ರಾಚೀನ ಕವಲುಗಳಲ್ಲೊಂದು ಎಂಬುದನ್ನು 2021ರ ವಂಶವಾಹಿ ಅಧ್ಯಯನ ತೋರಿಸಿಕೊಟ್ಟಿದೆ.

ತೋಳಕ್ಕೆ ಬೇಕಾದದ್ದು ದಟ್ಟ ಕಾಡಲ್ಲ, ಕುರುಚಲು ಮತ್ತು ಹುಲ್ಲುಗಾವಲು. ಸರ್ಕಾರಿ ದಾಖಲೆಗಳಲ್ಲಿ ಎಷ್ಟೋ ಕಾಲ ಇದಕ್ಕೆ ಪಾಳುಭೂಮಿ ಎಂದೇ ಹೆಸರು. ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ದೇವನಹಳ್ಳಿಗಳ ಸುತ್ತ ಇಂತಹ ಜಾಗ ಕೈಗಾರಿಕೆ, ಬಡಾವಣೆ, ಹೆದ್ದಾರಿಗಳಿಗೆ ಹೋಗುತ್ತಿರುವುದು ಕಣ್ಣಿಗೆ ಕಾಣುವ ಸಂಗತಿ. ನೆರೆಯ ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿಗೆ ನೀಡಿದ್ದು ಹಲವು ವರ್ಷಗಳ ಜಗ್ಗಾಟದ ನಂತರ.

ರಾಜ್ಯದಲ್ಲಿ ತೋಳಕ್ಕಾಗಿ ಮೀಸಲಾದ ಜಾಗಗಳೂ ಇವೆ. ಮಂಡ್ಯ ಜಿಲ್ಲೆಯ ಮೇಲುಕೋಟೆ ದೇವಾಲಯ ವನ್ಯಜೀವಿಧಾಮ 1974ರಲ್ಲಿ ತೋಳಗಳನ್ನು ಗಮನದಲ್ಲಿಟ್ಟುಕೊಂಡೇ ಸ್ಥಾಪನೆಯಾಯಿತು. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಪ್ರದೇಶ ತೋಳಧಾಮವಾಗಿದೆ. ಅಲ್ಲಿ ಹೆಣ್ಣು ತೋಳವೊಂದು ಎಂಟು ಮರಿಗಳಿಗೆ ಜನ್ಮ ನೀಡಿದ ಸುದ್ದಿ 2025ರಲ್ಲಿ ಬಂದಿತ್ತು. ತಾಯಿ ಮತ್ತು ಎಂಟು ಮರಿಗಳು: ಬಣ್ಣದ ಹಾಳೆ ತಯಾರಿಸುವವರಿಗೆ ಇದಕ್ಕಿಂತ ಒಳ್ಳೆಯ ವಿಷಯ ಹಿಮದ ನಾಡಿನಲ್ಲಿ ದೊರೆಯಲಾರದು.

ನೈಜ ತೋಳವನ್ನು ಮಕ್ಕಳಿಗೆ ಸಮೀಪದಿಂದ ತೋರಿಸಬೇಕೆನ್ನುವವರಿಗೆ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯವಿದೆ. ಹೋಗುವಾಗ ಚೀಲದಲ್ಲಿ ಹಾಳೆ ಮತ್ತು ಮೂರು ಕ್ರೇಯಾನ್ ಇಟ್ಟುಕೊಂಡರೆ ಸಾಕು: ಹಳದಿ, ಕಂದು, ಕಪ್ಪು. ಬಾಲ ಎಲ್ಲಿದೆ ಎಂಬುದನ್ನು ಮೊದಲು ಗುರುತು ಹಾಕಿಕೊಂಡು, ಉಳಿದದ್ದನ್ನು ಮನೆಗೆ ಬಂದು ತುಂಬಬಹುದು.